ಬಿಡಿಭಾಗ ಸಿಗದ ಕಾಲ ಬರುವ ಮುನ್ನ

ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ ಹೇಳಿದ್ದು 2021ರ ಸೆಪ್ಟೆಂಬರಿನಲ್ಲಿ. ಷೆವರ್ಲೆ ಕಾರುಗಳ ಮಾರಾಟ 2017ರ ಕೊನೆಗೇ ಮುಗಿದಿತ್ತು. ಮಾರುತಿ 800 ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ನಮ್ಮ ಬಿಡದಿಯಲ್ಲೇ ತಯಾರಾಗುತ್ತಿದ್ದ ಟೊಯೊಟಾ ಕ್ವಾಲಿಸ್ 2005ಕ್ಕೇ ಇನ್ನೋವಾಕ್ಕೆ ಜಾಗ ಬಿಟ್ಟುಕೊಟ್ಟಿತು. ಈ ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ.

ಬಿಡಿಭಾಗಗಳ ಪೂರೈಕೆ ಒಂದೇ ದಿನಕ್ಕೆ ನಿಲ್ಲುವುದಿಲ್ಲ. ಒಂದು ದಿನ ಬಂಪರ್ ಸಿಗುವುದಿಲ್ಲ, ಇನ್ನೊಂದು ದಿನ ಹೆಡ್‌ಲೈಟ್, ಆಮೇಲೊಂದು ಸೆನ್ಸರ್. ಫಿಯೆಟ್ ಪುಂಟೊ ಇಟ್ಟುಕೊಂಡವರನ್ನು ಕೇಳಿ. ಅದರ 1.3 ಡೀಸೆಲ್ ಎಂಜಿನ್ ಸ್ವಿಫ್ಟ್‌ನಲ್ಲೂ ಇದ್ದದ್ದರಿಂದ ಎಂಜಿನ್ ಸಾಮಾನಿಗೆ ಅಷ್ಟು ತೊಂದರೆಯಿಲ್ಲ. ಬಾನೆಟ್ ಬೇಕೆಂದರೆ ಊರೂರು ಅಲೆಯಬೇಕು. ಹೀಗೆ ಅಲೆದು ಸುಸ್ತಾದವರು ಗ್ಯಾರೇಜಿನಲ್ಲಿ ‘ಯಾವುದೋ ಒಂದು ಹಾಕಿಬಿಡಿ’ ಎನ್ನುತ್ತಾರೆ. ಅಪಾಯ ಶುರುವಾಗುವುದೇ ಆಗ.

ಕಂಪನಿಯ ಪಾರ್ಟ್ ಎಲ್ಲವೂ ಚಿನ್ನ, ಹೊರಗಿನದು ಎಲ್ಲವೂ ಕಸ ಎಂಬುದನ್ನು ನಾವು ಒಪ್ಪುವುದಿಲ್ಲ. ಕಾರು ಕಂಪನಿಗಳು ತಮ್ಮ ಬಿಡಿಭಾಗಗಳಲ್ಲಿ ಬಹಳಷ್ಟನ್ನು ತಾವೇ ತಯಾರಿಸುವುದಿಲ್ಲ. ಕ್ಲಚ್, ಫಿಲ್ಟರ್, ಶಾಕ್ ಅಬ್ಸಾರ್ಬರ್‌ಗಳು ಬಾಷ್, ವ್ಯಾಲಿಯೊ, ಗೇಬ್ರಿಯಲ್‌ನಂಥ ತಯಾರಕರಿಂದ ಬರುತ್ತವೆ. ಅದೇ ತಯಾರಕರ ಮಾಲು ಕಾರು ಕಂಪನಿಯ ಡಬ್ಬಿಯಲ್ಲಿ ಒಂದು ಬೆಲೆಗೆ, ಅವರದೇ ಡಬ್ಬಿಯಲ್ಲಿ ಸಾಮಾನ್ಯವಾಗಿ ಇನ್ನೂ ಕಡಿಮೆಗೆ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇದೇನೂ ಗುಟ್ಟಲ್ಲ. ಪಾರ್ಟ್ ನಂಬರ್ ತಾಳೆಯಾದರೆ ಧೈರ್ಯವಾಗಿ ಕೊಳ್ಳಬಹುದು. ಕಂಪನಿಯ ಮಾಲಿಗೂ ಒಂದು ಮಿತಿಯಿದೆ: ರಬ್ಬರ್ ಕೂತಲ್ಲೇ ಹಳತಾಗುತ್ತದೆ. ಗೋದಾಮಿನಲ್ಲಿ ಹತ್ತು ವರ್ಷ ಕಳೆದ ‘ಒರಿಜಿನಲ್’ ಬೆಲ್ಟ್‌ಗಿಂತ ಒಳ್ಳೆಯ ತಯಾರಕರ ಹೊಸ ಬೆಲ್ಟೇ ವಾಸಿ.

ನಮ್ಮ ಆತಂಕ ಮೂರನೆಯ ಜಾತಿಯ ಮಾಲಿನದು: ಕಂಪನಿಯ ಹೆಸರು, ಡಬ್ಬಿ, ಹೊಲೊಗ್ರಾಂ ಎಲ್ಲವನ್ನೂ ನಕಲು ಮಾಡಿದ ಡೂಪ್ಲಿಕೇಟ್. ಅಸಲಿ ಮಾಲು ಸಿಗದಷ್ಟೂ ಅದಕ್ಕೆ ಸುಗ್ಗಿ. ಕನ್ನಡಿಯೋ ಬಾಗಿಲ ಹಿಡಿಯೋ ಆದರೆ ಹಾಳಾಗಿ ಹೋಗಲಿ ಎನ್ನಬಹುದು. ಬ್ರೇಕ್ ಪ್ಯಾಡ್, ಟೈ ರಾಡ್, ಬಾಲ್ ಜಾಯಿಂಟ್‌ಗಳ ವಿಷಯದಲ್ಲಿ ಹಾಗೆನ್ನಲಾಗದು. ಚಾರ್ಮಾಡಿಯನ್ನೋ ಆಗುಂಬೆಯನ್ನೋ ತುಂಬಿದ ಗಾಡಿಯಲ್ಲಿ ಇಳಿಯುವಾಗ ಪ್ಯಾಡ್ ಕಾದು ಕೆಂಡವಾಗುತ್ತದೆ; ಕಳಪೆ ಲೈನಿಂಗ್ ಆಗ ಹಿಡಿತ ಬಿಡುತ್ತದೆ, ಪೆಡಲ್ ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಹಳೆ ಫಿಗೊ ಡೀಸೆಲ್‌ನಲ್ಲಿ ಟೈಮಿಂಗ್ ಬೆಲ್ಟ್ ಹರಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ ಬಿಚ್ಚುವ ಕೆಲಸ ಬೀಳುತ್ತದೆ. ಬೆಲ್ಟ್‌ನಲ್ಲಿ ಉಳಿಸಿದ ದುಡ್ಡು ಎಂಜಿನ್ ಹೆಡ್ಡಿನ ಒಂದು ಮೂಲೆಗೂ ಸಾಲದು.

ಈ ಸ್ಥಿತಿಗೆ ಕಂಪನಿಗಳೂ ಹೊಣೆ. ಅಸಲಿ ಬಿಡಿಭಾಗಗಳು ಹೊರಗಿನ ಮೆಕ್ಯಾನಿಕ್‌ಗಳಿಗೆ ಮುಕ್ತವಾಗಿ ಸಿಗದಂತೆ ತಡೆದವೆಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು ₹2,544 ಕೋಟಿ ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿಯ ದಾರಿ ಹಿಡಿದವು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ದುರಸ್ತಿಯ ಹಕ್ಕು’ ಜಾಲತಾಣ ತೆರೆಯಿತು. ಮಾಹಿತಿ ಸಿಕ್ಕಿತು, ಮಾಲು ಸಿಗಬೇಕಲ್ಲ? ಮಾದರಿಯೊಂದು ನಿಂತ ಮೇಲೆ ಇಷ್ಟು ವರ್ಷ ಬ್ರೇಕ್, ಸ್ಟಿಯರಿಂಗ್ ಭಾಗಗಳನ್ನು ಒದಗಿಸಲೇಬೇಕೆಂದು ಕಾನೂನೇ ಹೇಳಬೇಕು. ಅಪಘಾತವಾದ ಹಳೆ ಗಾಡಿಗಳ ತಪಾಸಣೆಯಲ್ಲಿ ನಕಲಿ ಭಾಗಗಳಿದ್ದವೇ ಎಂದು ದಾಖಲಿಸುವುದನ್ನು ನಮ್ಮ ಸಾರಿಗೆ ಇಲಾಖೆ ಈಗಲೇ ಆರಂಭಿಸಲಿ.

ಕಾನೂನು ಬರುವವರೆಗೆ ಗಾಡಿ ನಿಲ್ಲದು. ನಿಂತುಹೋದ ಮಾದರಿಯ ಕಾರಿದ್ದರೆ, ಅದು ಕೆಟ್ಟು ನಿಲ್ಲುವ ಮೊದಲೇ ಬ್ರೇಕ್ ಮತ್ತು ಸ್ಟಿಯರಿಂಗ್ ಭಾಗಗಳ ನಂಬರ್ ಬರೆದಿಟ್ಟುಕೊಳ್ಳಿ, ಯಾವ ತಯಾರಕರ ಮಾಲು ಹೊಂದುತ್ತದೆಂದು ನಿಮ್ಮ ಮೆಕ್ಯಾನಿಕ್ ಹತ್ತಿರ ಕೇಳಿಡಿ. ಬದಲಿಸಿದ ಹಳೆ ಪಾರ್ಟನ್ನು ಕೈಗೆ ಕೇಳಿ ಪಡೆಯಿರಿ. ಬಿಲ್ ಕೊಡದ ಅಂಗಡಿಯಲ್ಲಿ ಬ್ರೇಕ್ ಪ್ಯಾಡ್ ಕೊಳ್ಳಲೇಬೇಡಿ.