‘ಬಿ’ ದರ್ಜೆಯ ಸಾವು

ಡಾಂಬರಿನ ಕೆಳಗೆ ನೆಲವೇ ಇಲ್ಲ ಎಂಬುದು ಮೊದಲು ಯಾರಿಗೆ ಗೊತ್ತಾಗಬೇಕು? ಎಂಜಿನಿಯರಿಗೋ, ಲಾರಿ ಡ್ರೈವರಿಗೋ?

ಜಪಾನಿನ ಸೈತಾಮಾ ಪ್ರಾಂತ್ಯದ ಯಾಶಿಯೊದಲ್ಲಿ ಅದು ಗೊತ್ತಾದದ್ದು ಡ್ರೈವರಿಗೆ. 2025ರ ಜನವರಿ 28ರ ಬೆಳಿಗ್ಗೆ ರಸ್ತೆ ಕೂಡುವಲ್ಲೇ ನೆಲ ಬಾಯಿಬಿಟ್ಟಿತು. 74 ವರ್ಷದ ಹಿರಿಯರು ಲಾರಿ ಸಮೇತ ಒಳಗೆ ಬಿದ್ದರು. ಮೊದಮೊದಲು ಕರೆದರೆ ಓಗೊಡುತ್ತಿದ್ದರು. ಆಮೇಲೆ ಅದೂ ನಿಂತಿತು. ಕ್ರೇನಿಗೆ ಸಿಕ್ಕಿದ್ದು ಲಾರಿಯ ಹಿಂಭಾಗ ಮಾತ್ರ. ಹೆಣ ಮೇಲೆ ಬಂದದ್ದು ಮೇ ತಿಂಗಳಲ್ಲಿ. ಮೂರು ತಿಂಗಳು!

ಇದನ್ನು ವಿಧಿ ಎನ್ನಬೇಡಿ. ಕೆಳಗಿದ್ದದ್ದು 1983ರಲ್ಲಿ ಹೂತ, 4.75 ಮೀಟರ್ ವ್ಯಾಸದ ಒಳಚರಂಡಿ ಪೈಪು. ಅದಕ್ಕೇನಾಗುತ್ತದೆ ಎಂಬುದು ಗುಟ್ಟೇನಲ್ಲ. ಕೊಳಚೆಯಿಂದ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಪೈಪಿನ ನೆತ್ತಿಯಲ್ಲಿ ಕೂತ ಬ್ಯಾಕ್ಟೀರಿಯಾ ಅದನ್ನು ಗಂಧಕಾಮ್ಲ ಮಾಡುತ್ತದೆ. ಆಮ್ಲ ಕಾಂಕ್ರೀಟು ತಿನ್ನುತ್ತದೆ. ತೂತಿನೊಳಕ್ಕೆ ಮಣ್ಣು ಜಾರುತ್ತದೆ, ಕೊಳಚೆ ಅದನ್ನು ಹೊತ್ತೊಯ್ಯುತ್ತದೆ. ಮೇಲೆ ಉಳಿಯುವುದು ಹಪ್ಪಳದಂಥ ಡಾಂಬರು.

ಪರೀಕ್ಷೆ ಮಾಡಿರಲಿಲ್ಲವೇ? ಮಾಡಿದ್ದರು ಸ್ವಾಮಿ! 2021ರ ಆರ್ಥಿಕ ವರ್ಷದಲ್ಲೇ ಮಾಡಿದ್ದರು. ಸವೆತ ಕಂಡಿತ್ತು. ‘ಬಿ’ ದರ್ಜೆ ಎಂದು ಷರಾ ಬರೆದರು. ಅಂದರೆ, ತುರ್ತಿಲ್ಲ. 50 ವರ್ಷ ಬಾಳಬೇಕಿದ್ದ ಪೈಪು 42ಕ್ಕೇ ಹೋಯಿತು.

ಇದೆಂಥ ಅಂದಾಜು? ಪೈಪಿನ ಒಳಗೋಡೆ ನೋಡಿ ದರ್ಜೆ ಕೊಟ್ಟಿರಿ. ಅದರ ಬೆನ್ನಿನಾಚೆ ಮಣ್ಣು ಖಾಲಿಯಾಗುತ್ತಿದ್ದರೆ ನೋಡುವವರು ಯಾರು? ರಸ್ತೆ ಮೇಲೆ ಓಡಿಸುವ ರೇಡಾರಿಗೆ ಕಾಣುವುದೇ ಎರಡು ಮೀಟರ್ ಆಸುಪಾಸು. ಪೈಪಿದ್ದದ್ದು ಸುಮಾರು ಹತ್ತು ಮೀಟರ್ ಆಳದಲ್ಲಿ! ಇಷ್ಟೂ ಗೊತ್ತಿದ್ದೇ ಕೈಕಟ್ಟಿ ಕೂತರು. ಹಾಗೆ ಕೂತದ್ದಕ್ಕೆ ತಾಂತ್ರಿಕ ಹೆಸರು ‘ಬಿ’.

ಕುಸಿದ ಮೇಲೆ, ಪೈಪಿಗೆ ಬರುವ ಕೊಳಚೆ ತಗ್ಗಲೆಂದು 12 ಲಕ್ಷ ಜನರಿಗೆ ಬುದ್ಧಿ ಹೇಳಿದರು: ಸ್ನಾನ ಕಡಿಮೆ ಮಾಡಿ, ಬಟ್ಟೆ ಒಗೆಯಬೇಡಿ. ಬುದ್ಧಿ ಬೇಕಿದ್ದದ್ದು ಯಾರಿಗೆ? ಆಮೇಲೆ ದೇಶವಿಡೀ ಹಳೆಯ ದೊಡ್ಡ ಪೈಪುಗಳನ್ನು ತಡಕಿದರು. 72 ಕಿ.ಮೀ. ಉದ್ದವನ್ನು ಒಂದು ವರ್ಷದೊಳಗೆ ಸರಿಪಡಿಸಲೇಬೇಕು ಎಂದು ಗೊತ್ತಾಯಿತು. ಆ 72 ಕಿ.ಮೀ. ನಿನ್ನೆ ರಾತ್ರಿ ಹಾಳಾದದ್ದೇ? ತಡಕುವುದಕ್ಕೆ ಒಂದು ಹೆಣ ಬೀಳಬೇಕಿತ್ತೇ?

ಜಪಾನಿನ ಗೋಳು ನಮಗ್ಯಾಕೆ ಎನ್ನುತ್ತೀರಾ? ಆಮ್ಲಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ. ನಿಮ್ಮ ಬೀದಿಯ ಹೊಸ ಡಾಂಬರಿಗೆ ಪೂಜೆ ಮಾಡಿ ಟೇಪು ಕತ್ತರಿಸಲು ಬರುತ್ತಾರಲ್ಲ, ಅವರೆದುರು ಹಾರ ಹಿಡಿದು ಹಲ್ಲು ಕಿರಿಯಬೇಡಿ. ಅಡ್ಡ ನಿಂತು ಕೇಳಿ. ಕೆಳಗಿನ ಒಳಚರಂಡಿ ಪೈಪು ಯಾವ ಇಸವಿಯದು? ಅದರೊಳಗೆ ಕ್ಯಾಮೆರಾ ಇಳಿದದ್ದು ಯಾವಾಗ? ವರದಿ ಎಲ್ಲಿ? ಬಾಯಿಬಿಡದಿದ್ದರೆ ಆರ್‌ಟಿಐ ಅರ್ಜಿ ಜಡಿಯಿರಿ. ಉತ್ತರ ಬರುವವರೆಗೆ ಬಿಡಬೇಡಿ.