ಬೆಲ್ಲದ ಪೊಟ್ಟಣವೂ ಅದರ ಮೇಲಣ ಚೀಟಿಯೂ

ಮಂಡ್ಯ ಸೀಮೆಯ ಆಲೆಮನೆಗಳ ಬೆಲ್ಲವು ಬಹುಕಾಲದಿಂದ ಹೆಸರುವಾಸಿಯಾದುದು. ಆದರೆ ಆ ಹೆಸರು ಸೀಮೆಗೆ ಸಂದಿದೆಯೇ ಹೊರತು ಬೆಲ್ಲ ಕಾಯಿಸಿದ ರೈತನಿಗೆ ಸಂದಿಲ್ಲ. ಅವನ ಸರಕು ಮಂಡಿಯಲ್ಲಿ ಹತ್ತಾರು ಜನರ ಸರಕಿನೊಡನೆ ಬೆರೆತು, ಪಟ್ಟಣದ ವರ್ತಕನ ಪೊಟ್ಟಣದೊಳಗೆ ವರ್ತಕನ ಹೆಸರನ್ನೇ ಹೊತ್ತು ಅಂಗಡಿಗೆ ಬರುವುದು ವಾಡಿಕೆ. ಈಚೆಗೆ ಕೆಲವು ಜಮೀನುದಾರರು ತಾವೇ ಅರ್ಧ ಕಿಲೋ, ಒಂದು ಕಿಲೋ ಪೊಟ್ಟಣಗಳನ್ನು ಕಟ್ಟಿ ಮಾರಲು ತೊಡಗಿರುವುದು ಸಂತೋಷಕರವಾದುದೇ. ಆದಾಗ್ಯೂ ಪೊಟ್ಟಣದ ಮೇಲಣ ಬರಹವನ್ನು ಸರ್ಕಾರದ ಕಾಟವೆಂದೆಣಿಸಿ, ಬರಿಯ ಪೊಟ್ಟಣವನ್ನೇ ಮಾರುವವರು ಕಡಿಮೆಯಿಲ್ಲ. ಈ ಎಣಿಕೆಯು ಅವರಿಗೇ ನಷ್ಟಕರವಾದುದು.

೨೦೧೧ನೆಯ ಇಸವಿಯ ಪೊಟ್ಟಣ ಸಾಮಗ್ರಿಗಳ ನಿಯಮಗಳ ಮೇರೆಗೆ, ಪೊಟ್ಟಣದ ಮೇಲೆ ತಯಾರಿಸಿದವನ ಅಥವಾ ಕಟ್ಟಿದವನ ಹೆಸರು ವಿಳಾಸ, ಪದಾರ್ಥದ ಹೆಸರು, ನಿವ್ವಳ ತೂಕ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟದ ಬೆಲೆ, ದೂರು ಹೇಳಿಕೊಳ್ಳಬೇಕಾದ ವಿಳಾಸ, ಇವು ಇರತಕ್ಕದ್ದು. ಕಟ್ಟಲು ತೊಡಗಿದ ೯೦ ದಿನಗಳೊಳಗೆ ನೋಂದಣಿಯನ್ನೂ ಮಾಡಿಸಿಕೊಳ್ಳತಕ್ಕದ್ದು. ಈ ಪಟ್ಟಿಯಲ್ಲಿ ಮೊದಲನೆಯದು ಯಾವುದೆಂಬುದನ್ನು ನೋಡಬೇಕು. ಮಂಡಿಯಲ್ಲಿ ಎಷ್ಟು ಬೇಡಿಕೊಂಡರೂ ದೊರೆಯದ ಹೆಸರನ್ನು ನಿಯಮವು ತಾನಾಗಿ ಬರೆಯಿಸುತ್ತದೆ. ಕೊಂಡವನು ಮತ್ತೊಮ್ಮೆ ಅದೇ ಬೆಲ್ಲವನ್ನು ಕೇಳುವುದು ಆ ಹೆಸರಿನಿಂದಲೇ.

ತೂಕದ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರಿಕೆ ಬೇಕು. ಒಂದು ಕಿಲೋ ಪೊಟ್ಟಣದಲ್ಲಿ ೧೫ ಗ್ರಾಮಿನಷ್ಟು ಕೊರತೆಯನ್ನು ನಿಯಮವು ಸಹಿಸುತ್ತದೆ. ಅರ್ಧ ಕಿಲೋವಿಗೂ ಅಷ್ಟೇ. ಆದರೆ ಪರೀಕ್ಷೆಗೆ ತೆಗೆದ ಪೊಟ್ಟಣಗಳ ಸರಾಸರಿಯು ಬರೆದ ತೂಕಕ್ಕಿಂತ ಕಡಿಮೆಯಾಗಕೂಡದು. ಆದ್ದರಿಂದ ಪ್ರತಿ ಪೊಟ್ಟಣದಲ್ಲಿಯೂ ಹತ್ತು ಗ್ರಾಂ ಉಳಿಸಬಹುದೆಂಬ ಜಾಣತನವು ನಡೆಯದು. ಹಸಿ ಬೆಲ್ಲವನ್ನು ತೂಗಿ ಕಟ್ಟಿದರೆ ಬೇಸಗೆಯಲ್ಲಿ ನೀರಿನಂಶ ಆರಿ ತೂಕ ಇಳಿಯುವುದು. ಮಳೆಗಾಲದಲ್ಲಿ ಸಡಿಲವಾಗಿ ಕಟ್ಟಿದ ಬೆಲ್ಲವು ತೇವವನ್ನು ಹೀರಿ ಜಿನುಗುವುದು. ಚೆನ್ನಾಗಿ ಆರಿಸಿ, ಗಾಳಿಯಾಡದಂತೆ ಮುಚ್ಚುವುದೇ ಇದಕ್ಕೆ ಉಪಾಯ. ತಕ್ಕಡಿಗೆ ಕಾಲಕಾಲಕ್ಕೆ ಸರ್ಕಾರದ ಮುದ್ರೆ ಹಾಕಿಸಿರಬೇಕೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಆಹಾರ ಸುರಕ್ಷತೆಯ ಪ್ರಾಧಿಕಾರದಿಂದ ಪಡೆದ ೧೪ ಅಂಕಿಗಳ ಸಂಖ್ಯೆ, ಹಸುರು ಚೌಕದೊಳಗಿನ ಹಸುರು ಬೊಟ್ಟು, ತಂಡದ ಗುರುತು, ಬಳಕೆಯ ಅವಧಿ, ಇವೂ ಸೇರತಕ್ಕವು. ಹಳೆಯ ವೃತ್ತಪತ್ರಿಕೆಯಲ್ಲಿ ಬೆಲ್ಲ ಸುತ್ತುವ ಪರಿಪಾಟಿಯು ೨೦೧೮ರ ನಿಬಂಧನೆಗಳಿಂದ ನಿಷಿದ್ಧವಾಗಿದೆ. ಮಸಿ ಹತ್ತಿದ ಅಚ್ಚನ್ನು ಮಗುವಿನ ಕೈಗೆ ಕೊಡಲು ಯಾವ ತಾಯಿಯೂ ಒಪ್ಪಳು.

ರೈತರ ಆಕ್ಷೇಪಣೆಗಳೆಲ್ಲವೂ ನಿರಾಧಾರವಾದುವೆಂದು ಹೇಳಲಾಗದು. ಕಡ್ಡಾಯವಾದ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕೆಂದೂ ಬೇರೆ ಭಾಷೆಯನ್ನು ಜೊತೆಗೆ ಸೇರಿಸಬಹುದೆಂದೂ ಕೇಂದ್ರದ ನಿಯಮವಿದೆ. ಕನ್ನಡವನ್ನು ಮಾತ್ರ ಓದಬಲ್ಲ ರೈತನು ಕನ್ನಡವನ್ನು ಮಾತ್ರ ಓದಬಲ್ಲ ಗಿರಾಕಿಗೆ ಮಾರುವಾಗಲೂ ಕನ್ನಡದ ಚೀಟಿಯೊಂದೇ ಸಾಲದೆಂಬುದು ವಿಚಿತ್ರವೇ ಸರಿ. ಇದು ತಿದ್ದುಪಡಿಗೆ ಯೋಗ್ಯವಾದ ನಿಯಮ. ಅಲ್ಲಿಯವರೆಗೆ ಎರಡು ಭಾಷೆಗಳಲ್ಲಿಯೂ ಬರೆಯಿಸುವುದು ಕ್ಷೇಮ.

ಖರ್ಚಿನ ಮಾತು ಉಳಿಯಿತು. ಒಂದೇ ಆಲೆಮನೆಗೆ ತಕ್ಕಡಿ, ಮುಚ್ಚುವ ಯಂತ್ರ, ಅಚ್ಚುಕೂಟದ ವೆಚ್ಚ ಭಾರವಾಗುವುದು ನಿಜ. ಆದರೆ ಐದಾರು ಆಲೆಮನೆಗಳವರು ಸಹಕಾರ ಸಂಘವಾಗಿ ಕೂಡಿದರೆ ಒಂದೇ ನೋಂದಣಿ, ಒಂದೇ ತಕ್ಕಡಿ ಸಾಕು. ಇಂತಹ ಒಪ್ಪಂದವನ್ನು ಗ್ರಾಮದ ಮುಖಂಡರಲ್ಲದೆ ಮತ್ತಾರೂ ಕುದುರಿಸಲಾರರು. ಆದರೆ ಒಬ್ಬನ ಕೆಟ್ಟ ಬೆಲ್ಲವು ಎಲ್ಲರ ಹೆಸರನ್ನು ಕೆಡಿಸುವುದರಿಂದ, ಯಾರ ಸರಕನ್ನು ಸೇರಿಸಬೇಕು, ಯಾರದನ್ನು ಹಿಂದಿರುಗಿಸಬೇಕು ಎಂಬುದನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು. ಚೀಟಿಯ ನಮೂನೆಯನ್ನು ಅಚ್ಚಿಗೆ ಕೊಡುವ ಮುನ್ನ ತಾಲ್ಲೂಕಿನ ಮಾಪನ ನಿರೀಕ್ಷಕರಿಗೆ ತೋರಿಸುವುದು ಲೇಸು. ಸಾವಿರಾರು ಚೀಟಿಗಳು ಮುದ್ರಣವಾದ ಮೇಲೆ ತಪ್ಪು ಕಂಡುಬಂದರೆ, ಅವು ಕಬ್ಬಿನ ಸಿಪ್ಪೆಯೊಡನೆ ಆಲೆಮನೆಯ ಒಲೆಗೇ ಸರಿ.