ಆರೋಗ್ಯ ಚಿಂತನ: ಓಝೋನು ರಕ್ತವನ್ನು ಶುದ್ಧಿಗೊಳಿಸುವುದೇ?

ಕೆಲವು ದಿನಗಳ ಹಿಂದೆ ನಮ್ಮ ಬಂಧುಗಳಲ್ಲಿ ಹಿರಿಯರಾದ ಕಾಕಾ ಒಬ್ಬರು ಮನೆಗೆ ಬಂದಿದ್ದರು. ಎಪ್ಪತ್ತು ದಾಟಿದ ವಯಸ್ಸು. ಬಹುಕಾಲದ ಸಕ್ಕರೆ ಕಾಯಿಲೆ. ಅಂಗಾಲಿನಲ್ಲಿ ಮಾಯದ ಒಂದು ಹುಣ್ಣು. ಊಟವಾದ ಮೇಲೆ ಅವರು ಅಂಗಿಯ ಕಿಸೆಯಿಂದ ಮಡಿಚಿಟ್ಟ ಕರಪತ್ರವೊಂದನ್ನು ತೆಗೆದು ನನ್ನ ಕೈಗಿತ್ತರು. ದೇಹದಿಂದ ಸ್ವಲ್ಪ ರಕ್ತವನ್ನು ಹೊರತೆಗೆದು, ಅದಕ್ಕೆ ಓಝೋನ್ ಅನಿಲವನ್ನು ಬೆರೆಸಿ, ಮರಳಿ ನರದೊಳಕ್ಕೆ ಸೇರಿಸಿದರೆ ರಕ್ತದ ಕಲ್ಮಶವೆಲ್ಲ ಸುಟ್ಟುಹೋಗಿ ಹುಣ್ಣು ಮಾಯುವುದೆಂದು ಅದರಲ್ಲಿ ಅಚ್ಚಾಗಿತ್ತು. ಅದಕ್ಕೆ ತಗಲುವ ಹಣವನ್ನು ಮಗನು ಹೊಂದಿಸಿಯೂ ಇಟ್ಟಿದ್ದನಂತೆ. “ಓಝೋನ್ ಪದರ ಭೂಮೀನ ಕಾಯ್ತದಂತ. ನನ್ನ ಕಾಲು ಕಾಯಂಗಿಲ್ಲೇನು ತಮ್ಮಾ?” ಎಂದು ಅವರು ಕೇಳಿದರು.

ಪ್ರಶ್ನೆ ಸರಳವಾದುದು; ಆದರೆ ನಗೆಯಾಡಿ ತಳ್ಳಿಬಿಡುವಂಥದಲ್ಲ. ಅಂದು ಅವರಿಗೆ ಹೇಳಿದ ಮಾತುಗಳನ್ನೇ ಸ್ವಲ್ಪ ವಿಸ್ತರಿಸಿ ಈ ಸಲ ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ನಾವು ಉಸಿರಾಡುವ ಆಮ್ಲಜನಕದ ಒಂದು ಅಣುವಿನಲ್ಲಿ ಎರಡು ಪರಮಾಣುಗಳಿದ್ದರೆ, ಓಝೋನಿನಲ್ಲಿ ಮೂರು ಇರುತ್ತವೆ. ಈ ಮೂರನೆಯ ಪರಮಾಣುವಿನ ಬಂಧ ಸಡಿಲವಾದುದು. ಎದುರಿಗೆ ಸಿಕ್ಕ ವಸ್ತುವಿಗೆ ಅದನ್ನು ಒಪ್ಪಿಸಿ ತಾನು ಸಾಮಾನ್ಯ ಆಮ್ಲಜನಕವಾಗುವುದೇ ಓಝೋನಿನ ಸ್ವಭಾವ. ಹೀಗೆ ಒಂದು ವಸ್ತುವಿಗೆ ಆಮ್ಲಜನಕ ಸೇರುವ ಕ್ರಿಯೆಯನ್ನು ಉತ್ಕರ್ಷಣವೆನ್ನುತ್ತಾರೆ. ಕಬ್ಬಿಣ ತುಕ್ಕು ಹಿಡಿಯುವುದೂ ಒಂದು ಬಗೆಯ ಉತ್ಕರ್ಷಣವೇ. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಅಧ್ಯಾಪಕರಾಗಿದ್ದ ಕ್ರಿಶ್ಚಿಯನ್ ಶೋನ್‌ಬೈನ್ ಎಂಬ ರಸಾಯನ ವಿಜ್ಞಾನಿ ಸುಮಾರು 1840ರಲ್ಲಿ ಈ ಅನಿಲವನ್ನು ಅದರ ತೀಕ್ಷ್ಣವಾದ ವಾಸನೆಯಿಂದ ಗುರುತಿಸಿ, ‘ವಾಸನೆ ಬೀರು’ ಎಂಬರ್ಥದ ಗ್ರೀಕ್ ಪದದಿಂದ ಅದಕ್ಕೆ ಹೆಸರಿಟ್ಟರು.

ಆಕಾಶದಲ್ಲಿ ಬಹು ಎತ್ತರದಲ್ಲಿರುವ ಓಝೋನು ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆದು ನಮ್ಮನ್ನು ಕಾಯುವುದು ನಿಜ. ಆದರೆ ಅದು ಕಾಯುವುದು ದೂರದಲ್ಲಿದ್ದುಕೊಂಡು. ಒಲೆಯ ಬೆಂಕಿ ಅಡಿಗೆ ಮಾಡುತ್ತದೆಂದು ಅದನ್ನು ಮಡಿಲಲ್ಲಿ ಕಟ್ಟಿಕೊಳ್ಳಲಾಗದು. ಓಝೋನು ರಕ್ತವನ್ನು ಮುಟ್ಟಿದಾಗ ಏನಾಗುವುದೆಂಬುದನ್ನು ತಿಳಿಯಲು ಪ್ರಯೋಗಶಾಲೆಯತ್ತ ನೋಡಬೇಕು.

ರಕ್ತದಿಂದ ಕಣಗಳನ್ನು ಬೇರ್ಪಡಿಸಿದರೆ ಹೊಂಬಣ್ಣದ ತಿಳಿದ್ರವವೊಂದು ಉಳಿಯುತ್ತದೆ. ಇದಕ್ಕೆ ಪ್ಲಾಸ್ಮಾ ಎಂದು ಹೆಸರು. ಇದರ ಪ್ರತಿ 100 ಮಿಲಿಲೀಟರಿನಲ್ಲಿ ಸುಮಾರು 6ರಿಂದ 8 ಗ್ರಾಮಿನಷ್ಟು ಪ್ರೋಟೀನುಗಳಿರುತ್ತವೆ. ಅರ್ಧಕ್ಕಿಂತ ಹೆಚ್ಚು ಪಾಲು ಆಲ್ಬುಮಿನ್‌ನದು. ಅದು ನೀರನ್ನು ರಕ್ತನಾಳದೊಳಗೆ ಹಿಡಿದಿಡುತ್ತದೆ, ಔಷಧಿಗಳನ್ನೂ ಕೊಬ್ಬಿನ ಆಮ್ಲಗಳನ್ನೂ ಹೊತ್ತೊಯ್ಯುತ್ತದೆ. ಗಾಯವಾದಾಗ ರಕ್ತವನ್ನು ಹೆಪ್ಪುಗಟ್ಟಿಸುವ ಫೈಬ್ರಿನೋಜೆನ್, ರೋಗಾಣುಗಳನ್ನು ಎದುರಿಸುವ ಗ್ಲಾಬ್ಯುಲಿನ್‌ಗಳು ಉಳಿದವುಗಳಲ್ಲಿ ಮುಖ್ಯವಾದುವು. ಇವೆಲ್ಲವೂ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರಗಳು. ಸರವು ತನ್ನ ನಿಯತವಾದ ರೀತಿಯಲ್ಲಿ ಮಡಿಚಿಕೊಂಡಾಗ ಮಾತ್ರ ಪ್ರೋಟೀನು ತನ್ನ ಕೆಲಸ ಮಾಡಬಲ್ಲದು.

ಪ್ರಯೋಗದ ಕ್ರಮ ಹೀಗಿರುತ್ತದೆ. ಆಮ್ಲಜನಕದ ಮೂಲಕ ವಿದ್ಯುತ್ತನ್ನು ಹಾಯಿಸಿ ಓಝೋನನ್ನು ತಯಾರಿಸುತ್ತಾರೆ. ದೇಹದ ಉಷ್ಣತೆಯಲ್ಲಿರಿಸಿದ ಪ್ಲಾಸ್ಮಾವನ್ನು ಅಳತೆ ಮಾಡಿದ ಓಝೋನಿಗೆ ಒಡ್ಡುತ್ತಾರೆ. ಪಕ್ಕದ ಇನ್ನೊಂದು ಪಾತ್ರೆಯ ಪ್ಲಾಸ್ಮಾಕ್ಕೆ ಬರಿಯ ಗಾಳಿಯನ್ನಷ್ಟೆ ಕೊಡುತ್ತಾರೆ. ಹೋಲಿಕೆಗೆ ಇದು ಅವಶ್ಯ. ಆಗಾಗ ತುಸು ದ್ರವವನ್ನು ತೆಗೆದು ಏನು ಕಡಮೆಯಾಯಿತು, ಏನು ಹೊಸದಾಗಿ ಹುಟ್ಟಿತು ಎಂದು ಪರೀಕ್ಷಿಸುತ್ತಾರೆ. ಪ್ರೋಟೀನಿನಲ್ಲಿ ಗಂಧಕವುಳ್ಳ ಒಂದು ಸೂಕ್ಷ್ಮ ತುದಿ ಇರುತ್ತದೆ. ಜಾರ್ಜ್ ಎಲ್‌ಮನ್ 1959ರಲ್ಲಿ ಪ್ರಕಟಿಸಿದ ರಾಸಾಯನಿಕವನ್ನು ಹಾಕಿದರೆ, ಅಂತಹ ತುದಿಗಳಿದ್ದಷ್ಟೂ ದ್ರವವು ಹಳದಿಯಾಗುತ್ತದೆ. ಹಳದಿ ಬಣ್ಣ ತಿಳಿಯಾದಷ್ಟೂ ಓಝೋನಿನ ಹಾವಳಿ ಹೆಚ್ಚೆಂದು ತಿಳಿಯಬೇಕು.

1992ರಲ್ಲಿ ಕ್ಯಾಲಿಫೋರ್ನಿಯದ ಕ್ಯಾರಲ್ ಕ್ರಾಸ್ ಹಾಗೂ ಸಂಗಡಿಗರು ಮಾನವ ಪ್ಲಾಸ್ಮಾವನ್ನು ಓಝೋನಿಗೆ ಒಡ್ಡಿ ನಡೆಸಿದ ಅಧ್ಯಯನವೊಂದು ಪ್ರಕಟವಾಯಿತು. ಅದರಲ್ಲಿ ಮೊದಲು ಕರಗಿಹೋದುವು ಸಿ ಜೀವಸತ್ವ ಮತ್ತು ಯೂರಿಕ್ ಆಮ್ಲ. ಮನೆಗೆ ಬೆಂಕಿ ಬಿದ್ದಾಗ ಅಂಗಳದಲ್ಲೇ ನಿಂತು ಅದನ್ನು ತಡೆಯುವ ಆಳುಗಳಂತೆ ಇವು ತಮ್ಮನ್ನು ತಾವು ಒಪ್ಪಿಸಿಕೊಂಡುವು. ಪ್ರೋಟೀನುಗಳ ಗಂಧಕದ ತುದಿಗಳೂ ನಷ್ಟವಾದುವು, ಆದರೆ ಅಷ್ಟು ಬೇಗನೆ ಅಲ್ಲ. ಆಲ್ಬುಮಿನ್‌ನ ಸರದಲ್ಲಿ 585 ಮಣಿಗಳಿದ್ದರೂ ಅಂತಹ ಬಿಡುವಾದ ಗಂಧಕದ ತುದಿ ಇರುವುದು ಒಂದೇ ಒಂದು, 34ನೆಯ ಸ್ಥಾನದಲ್ಲಿ. ಸಿಸ್ಟೀನ್, ಮೆಥಿಯೋನಿನ್, ಟ್ರಿಪ್ಟೊಫಾನ್, ಟೈರೊಸಿನ್, ಹಿಸ್ಟಿಡಿನ್ ಎಂಬ ಮಣಿಗಳೇ ಓಝೋನಿಗೆ ಸುಲಭವಾಗಿ ತುತ್ತಾಗುವಂಥವು. ಮಾಸ್ಕೋದ ಸಂಶೋಧಕರು ಫೈಬ್ರಿನೋಜೆನನ್ನು ಓಝೋನಿಗೆ ಒಡ್ಡಿ ನೋಡಿದಾಗ, ಅದರಿಂದುಂಟಾಗುವ ಹೆಪ್ಪಿನ ನಾರುಗಳ ರಚನೆಯೇ ವ್ಯತ್ಯಾಸಗೊಂಡುದು ಕಂಡುಬಂದಿತು.

ಒಂದೇ ಒಂದು ಮಣಿ ಕೆಟ್ಟರೆ ಏನು ಮಹಾ ಎಂದು ಕೇಳಬಹುದು. ಇದಕ್ಕೆ ಉತ್ತರವಾಗಿ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಇನ್ನೊಂದು ರಕ್ತ ಪ್ರೋಟೀನಿನ ಕಥೆಯನ್ನು ಹೇಳಬೇಕು. ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳೊಡನೆ ಹೋರಾಡುವಾಗ ಎಲಾಸ್ಟೇಸ್ ಎಂಬ ಕಿಣ್ವವನ್ನು ಹೊರಬಿಡುತ್ತವೆ. ಅದು ಶ್ವಾಸಕೋಶದ ಹಿಗ್ಗಿ ಕುಗ್ಗುವ ನಾರುಗಳನ್ನೂ ಕತ್ತರಿಸಬಲ್ಲದು. ಆ ಕಿಣ್ವವನ್ನು ಹಿಡಿದು ನಿಲ್ಲಿಸುವುದೇ ಈ ಪ್ರೋಟೀನಿನ ಕೆಲಸ. 1963ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ಎಂಬ ವೈದ್ಯರು ರಕ್ತದಲ್ಲಿ ಇದರ ಕೊರತೆಯುಳ್ಳ ಕೆಲವರನ್ನು ಗುರುತಿಸಿದರು. ಅವರಲ್ಲಿ ಚಿಕ್ಕ ವಯಸ್ಸಿಗೇ ಶ್ವಾಸಕೋಶ ಶಿಥಿಲವಾದವರಿದ್ದರು. ಕಿಣ್ವವನ್ನು ಹಿಡಿಯುವ ಕೊಕ್ಕೆ ಈ ಪ್ರೋಟೀನಿನ 358ನೆಯ ಸ್ಥಾನದಲ್ಲಿರುವ ಮೆಥಿಯೋನಿನ್. ಅದಕ್ಕೆ ಆಮ್ಲಜನಕದ ಒಂದು ಪರಮಾಣು ಅಂಟಿದರೆ ಸಾಕು, ಕೊಕ್ಕೆಯ ಹಿಡಿತ ಸಡಿಲುತ್ತದೆ. ಪ್ರಯೋಗಶಾಲೆಯಲ್ಲಿ ಓಝೋನು ಈ ಪ್ರೋಟೀನನ್ನು ನಿಷ್ಕ್ರಿಯಗೊಳಿಸುವುದೆಂದು 1980ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಬೀಡಿ ಸಿಗರೇಟುಗಳ ಹೊಗೆಯೂ ಇದನ್ನೇ ಮಾಡುತ್ತದೆ.

ಇಲ್ಲಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಓಝೋನಿಗೆ ಕಲ್ಮಶ ಯಾವುದು, ಕೆಲಸದ ಪ್ರೋಟೀನು ಯಾವುದು ಎಂಬ ವಿವೇಚನೆಯಿಲ್ಲ. ಅದು ಮೊದಲು ಸುಡುವುದು ಬೇಗ ಸುಡುವಂಥದನ್ನು. ರಕ್ತದಲ್ಲಿ ಬೇಗ ಸುಡುವಂಥವು ನಮ್ಮ ರಕ್ಷಕಗಳೇ. ‘ಕಲ್ಮಶವನ್ನು ಸುಡುತ್ತದೆ’ ಎಂಬ ಕರಪತ್ರದ ಮಾತಿಗೆ ಪ್ರಯೋಗಶಾಲೆಯಲ್ಲಿ ಆಧಾರವಿಲ್ಲ.

ಆದರೆ ಇನ್ನೊಂದು ಪಕ್ಕವನ್ನೂ ನ್ಯಾಯವಾಗಿ ಹೇಳಬೇಕು. ಪಾತ್ರೆಯಲ್ಲಿ ಕಂಡುದೆಲ್ಲವೂ ದೇಹದಲ್ಲಿ ಹಾಗೆಯೇ ನಡೆಯುತ್ತದೆಂದು ಹೇಳಲಾಗದು. ಪಾತ್ರೆಯ ಪ್ಲಾಸ್ಮಾದಲ್ಲಿ ಖರ್ಚಾದ ಸಿ ಜೀವಸತ್ವವನ್ನು ತುಂಬಿಕೊಡುವವರಿಲ್ಲ. ದೇಹದಲ್ಲಿ ಆಹಾರದಿಂದ ಅದು ಮತ್ತೆ ಬರುತ್ತದೆ. ಯಕೃತ್ತು ಹೊಸ ಆಲ್ಬುಮಿನನ್ನು ದಿನವೂ ತಯಾರಿಸುತ್ತದೆ. ಅಲ್ಲದೆ ಉಸಿರಿನೊಡನೆ ಒಳಹೋದ ಓಝೋನು ರಕ್ತವನ್ನು ನೇರವಾಗಿ ಮುಟ್ಟುವುದೇ ಅಪರೂಪ. ಶ್ವಾಸಕೋಶದ ಒಳಮೈಗೆ ತೆಳುವಾದ ದ್ರವದ ಲೇಪವಿದೆ. ಓಝೋನು ಅಲ್ಲಿಯೇ ಕ್ರಿಯೆ ನಡೆಸಿ ಮುಗಿದುಹೋಗುವುದೆಂದು 1992ರಲ್ಲಿ ವಿಲಿಯಂ ಪ್ರಯರ್ ಲೆಕ್ಕಹಾಕಿ ತೋರಿಸಿದರು. ಮುಂದಿನ ಕೇಡನ್ನು ಮಾಡುವುದು ಆ ಕ್ರಿಯೆಯಿಂದ ಹುಟ್ಟಿದ ಬೇರೆ ವಸ್ತುಗಳು. ಆದುದರಿಂದಲೇ ಓಝೋನಿನ ಮೊದಲ ಪೆಟ್ಟು ಬೀಳುವುದು ಶ್ವಾಸಕೋಶಕ್ಕೆ: ಕೆಮ್ಮು, ಎದೆಯ ಬಿಗಿತ, ದಮ್ಮು.

ರಕ್ತಕ್ಕೆ ನೇರವಾಗಿ ಓಝೋನ್ ಬೆರೆಸುವಾಗ ಈ ಕೋಟೆಯನ್ನು ನಾವೇ ದಾಟಿಸುತ್ತೇವೆ. ಪ್ರಮಾಣವನ್ನೂ ಗಮನಿಸಬೇಕು. ನಮ್ಮ ದೇಶದಲ್ಲಿ 2009ರಲ್ಲಿ ಗೊತ್ತುಪಡಿಸಿದ ಮಾನದಂಡದ ಪ್ರಕಾರ, 8 ತಾಸುಗಳ ಸರಾಸರಿಯಲ್ಲಿ ಗಾಳಿಯ ಓಝೋನು ಒಂದು ಘನ ಮೀಟರಿಗೆ 100 ಮೈಕ್ರೋಗ್ರಾಮನ್ನು ಮೀರಬಾರದು. ಒಂದು ಘನ ಮೀಟರೆಂದರೆ 10 ಲಕ್ಷ ಮಿಲಿಲೀಟರು. ಆದರೆ ಈ ಚಿಕಿತ್ಸೆಯಲ್ಲಿ ಬಳಸುವ ಅನಿಲದಲ್ಲಿ ಒಂದೇ ಮಿಲಿಲೀಟರಿಗೆ 20 ಮೈಕ್ರೋಗ್ರಾಮ್ ಓಝೋನ್ ಇರುವುದು ಸಾಮಾನ್ಯ. ಲೆಕ್ಕ ಹಾಕಿದರೆ ಇದು ಗಾಳಿಯ ಮಿತಿಯ 2 ಲಕ್ಷ ಪಟ್ಟು. ಉಸಿರಾಡುವುದೂ ರಕ್ತಕ್ಕೆ ಬೆರೆಸುವುದೂ ಒಂದೇ ಅಲ್ಲವೆಂಬುದು ನಿಜ. ಆದರೂ ಎಷ್ಟು ತೀಕ್ಷ್ಣವಾದ ಅನಿಲದ ಮಾತನ್ನು ಆಡುತ್ತಿದ್ದೇವೆಂಬುದು ಇದರಿಂದ ತಿಳಿಯುತ್ತದೆ. ಅನಿಲವನ್ನು ನೇರವಾಗಿ ನರಕ್ಕೆ ಚುಚ್ಚಿದರಂತೂ ಗುಳ್ಳೆಗಳು ರಕ್ತನಾಳವನ್ನು ಅಡ್ಡಗಟ್ಟಿ ಪ್ರಾಣಕ್ಕೇ ಸಂಚಕಾರ ಬರಬಹುದು.

ಈ ಚಿಕಿತ್ಸೆಯನ್ನು ಎತ್ತಿಹಿಡಿಯುವವರು, ಅಳತೆಯಿಂದ ಕೊಟ್ಟ ಸಣ್ಣ ಪೆಟ್ಟು ದೇಹದ ಸ್ವಂತ ರಕ್ಷಣಾಶಕ್ತಿಯನ್ನು ಎಚ್ಚರಿಸುತ್ತದೆಂದು ವಾದಿಸುತ್ತಾರೆ. ವಾದವೇನೋ ಯುಕ್ತವೆಂದು ತೋರುತ್ತದೆ; ಆದರೆ ಅದು ರೋಗಿಗಳಲ್ಲಿ ಸಿದ್ಧವಾಗಬೇಕು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಓಝೋನ್ ಚಿಕಿತ್ಸೆಯ ಕುರಿತು ಕಾಕ್ರೇನ್ ಸಂಸ್ಥೆ 2015ರಲ್ಲಿ ವಿಮರ್ಶೆ ನಡೆಸಿದಾಗ, ಲೆಕ್ಕಕ್ಕೆ ತೆಗೆದುಕೊಳ್ಳಬಹುದಾದ ಪ್ರಯೋಗಗಳು ಕೇವಲ 3, ರೋಗಿಗಳು 212 ಮಂದಿ. ಗುಣವಿದೆಯೆಂದು ನಿರ್ಣಯಿಸಲು ಅಷ್ಟು ಸಾಕಾಗಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ನಿಯಮವಂತೂ ಓಝೋನನ್ನು ವಿಷಾನಿಲವೆಂದೇ ಕರೆದು, ವೈದ್ಯಕೀಯದಲ್ಲಿ ಅದಕ್ಕೆ ಗೊತ್ತಾದ ಉಪಯೋಗವಿಲ್ಲವೆಂದು ಹೇಳುತ್ತದೆ. ನೀರಿನ ಶುದ್ಧೀಕರಣದಲ್ಲಿ ಓಝೋನು ಬಹುಕಾಲದಿಂದ ಉಪಯುಕ್ತವಾಗಿದೆ. ಅಲ್ಲಿ ಅದು ರೋಗಾಣುಗಳನ್ನು ಕೊಂದು ತಾನೂ ಇಲ್ಲವಾಗುತ್ತದೆ. ಕೆಡಲು ನಮ್ಮ ಪ್ರೋಟೀನುಗಳು ಅಲ್ಲಿರುವುದಿಲ್ಲ.

ಮನೆವಾರ್ತೆಯಲ್ಲಿ ನೆನಪಿಡಬೇಕಾದ ಮಾತುಗಳಿವು. ಕೋಣೆಯ ಗಾಳಿಯನ್ನು ಓಝೋನಿನಿಂದ ಶುದ್ಧಿ ಮಾಡುವುದೆಂದು ಹೇಳಿ ಮಾರುವ ಯಂತ್ರವನ್ನು ಜನರಿರುವ ಕೋಣೆಯಲ್ಲಿ ನಡೆಸಬಾರದು. ಝೆರಾಕ್ಸ್ ಯಂತ್ರವಿರುವ ಅಂಗಡಿಯಲ್ಲಿ ಆ ತೀಕ್ಷ್ಣ ವಾಸನೆ ಬಂದರೆ ಕಿಟಕಿ ತೆರೆದಿಡಬೇಕು. ವಾಹನಗಳ ಹೊಗೆಯ ಮೇಲೆ ಸುಡುಬಿಸಿಲು ಬಿದ್ದಾಗ ನಗರದ ಗಾಳಿಯಲ್ಲಿಯೂ ಓಝೋನು ಹುಟ್ಟುವುದರಿಂದ, ದಮ್ಮಿನ ತೊಂದರೆಯುಳ್ಳವರೂ ಮಕ್ಕಳೂ ಬೇಸಿಗೆಯ ಮಧ್ಯಾಹ್ನದ ಹೊತ್ತಿನಲ್ಲಿ ಹೊರಗೆ ದೇಹಶ್ರಮ ಮಾಡದಿರುವುದು ಲೇಸು. ರಕ್ತವನ್ನು ಶೋಧಿಸಲು ಮೂತ್ರಪಿಂಡ, ಯಕೃತ್ತುಗಳಿವೆ. ಅವುಗಳನ್ನು ಜೋಪಾನ ಮಾಡುವುದೇ ನಿಜವಾದ ರಕ್ತಶುದ್ಧಿ.

ಇಷ್ಟನ್ನೂ ಕೇಳಿದ ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ಹಂಗಾರ ಈ ಕಾಲಿಗೆ ಏನು ಮಾಡ್ಲಿ?” ಎಂದರು. ಕರಪತ್ರವನ್ನು ಅಲ್ಲಗಳೆದರೆ ಹುಣ್ಣು ಮಾಯುವುದಿಲ್ಲವಷ್ಟೆ! ಮರುದಿನವೇ ಅವರನ್ನು ಮಧುಮೇಹದ ವೈದ್ಯರಲ್ಲಿಗೆ ಕರೆದೊಯ್ದೆವು. ಸಕ್ಕರೆಯನ್ನು ಹತೋಟಿಗೆ ತರುವುದು, ಹುಣ್ಣಿನ ಸತ್ತ ಚರ್ಮವನ್ನು ತೆಗೆದು ಕ್ರಮವಾಗಿ ಪಟ್ಟಿ ಕಟ್ಟುವುದು, ಆ ಅಂಗಾಲಿನ ಮೇಲೆ ಭಾರ ಬೀಳದಂತೆ ತಕ್ಕ ಪಾದರಕ್ಷೆ ತೊಡುವುದು, ಕಾಲಿನ ರಕ್ತಸಂಚಾರವನ್ನು ಪರೀಕ್ಷಿಸುವುದು, ಇವಿಷ್ಟು ಅವರು ಹೇಳಿದ ಉಪಾಯಗಳು. ಇವುಗಳಲ್ಲಿ ಚಮತ್ಕಾರವಿಲ್ಲ, ದಿನದಿನದ ಶ್ರದ್ಧೆ ಬೇಕು. ಮಗನು ಹೊಂದಿಸಿಟ್ಟ ಹಣ ಈಗ ಅದಕ್ಕೇ ಖರ್ಚಾಗುತ್ತಿದೆ. ಹುಣ್ಣು ಇನ್ನೂ ಪೂರ್ತಿ ಮಾಯ್ದಿಲ್ಲ. ಆದರೆ ಅಂಚು ಕೂಡಿಕೊಳ್ಳುತ್ತಿದೆಯೆಂದು ಕಾಕಿ ಮೊನ್ನೆ ಫೋನಿನಲ್ಲಿ ತಿಳಿಸಿದರು.